ಮುಸುಕಿಗೆ ಒಂದೇ ಗುಂಡುಸೂಜಿ

...ಅಲ್ಲ ತಿರ್ಸೊ, ಹಾಗಲ್ಲ. ಅಂಚು ಹಿಡ್ಕೋ. ಹೆಬ್ಬೆರಳು ಒಳಗೆ ಬರಲಿ. ಹಾಂ, ಹಾಗೆ. ಇಪ್ಪತ್ತೆಂಟು ವರ್ಷ ಆದರೂ ನಿನ್ನ ಕೈ ಮರೆತಿಲ್ಲ ನೋಡು. ಬಾಯಿ ಮಾತ್ರ ಮರೆತಿದೆ. ಬಂದು ಅರ್ಧ ಗಂಟೆಯಾಯಿತು, 'ಡೆನ್ಸಿಯೊ, ಒಳಗೆ ಬರಲಾ, ಐದು ಗಂಟೆ ಬಸ್ಸಿಗೆ ಹೋಗ್ತೀನಿ' ಅಂದದ್ದು ಬಿಟ್ಟರೆ ಇನ್ನೊಂದು ಮಾತಿಲ್ಲ.

ಬೇಡ, ಬೇಡ, ಈಗ ಮಾತಾಡಬೇಡ. ಬಾಯಲ್ಲಿ ನಾಲ್ಕು ಗುಂಡುಸೂಜಿ ಇವೆ ನಿನಗೆ. ನನ್ನಜ್ಜಿಯ ಕಟ್ಟಳೆ ನೆನಪಿದೆಯಲ್ಲ? ದೇವಮಾತೆಯ ಮೂರ್ತಿಗೆ ಉಡಿಸುವಾಗ ಇಬ್ಬರಿರಬೇಕು. ಒಬ್ಬ ಉಡಿಸಬೇಕು, ಬಾಯಲ್ಲಿ ಜಪ ಹೇಳ್ತಾ ಇರಬೇಕು. ಇನ್ನೊಬ್ಬ ತುಟಿಯಲ್ಲಿ ಸೂಜಿ ಕಚ್ಚಿಕೊಂಡು ಸುಮ್ಮನೆ ನಿಲ್ಲಬೇಕು, ಕೇಳಿದಾಗ ಒಂದೊಂದೇ ಕೊಡಬೇಕು. ಇಬ್ಬರೂ ಮೊದಲು ಪಾಪನಿವೇದನೆ ಮಾಡಿಕೊಂಡು ಬಂದಿರಬೇಕು. ನೀನು ಮಾಡಿಕೊಂಡು ಬಂದಿಲ್ಲ, ನನಗೆ ಗೊತ್ತು. ಹೋಗಲಿ ಬಿಡು. ಅಮ್ಮ ಬೇಜಾರು ಮಾಡಿಕೊಳ್ಳುವವಳಲ್ಲ. ನಾನು ಮಾಡಿದೆ. ಬೆಳಿಗ್ಗೆ ಏಳಕ್ಕೇ ಹೋಗಿ ಫಾದರ್ ಮುಂದೆ ಎಲ್ಲ ಹೇಳಿಕೊಂಡು ಬಂದೆ.

ಎಲ್ಲವನ್ನೂ, ಹೌದು. ಯಾಕೆ ಹಾಗೆ ನೋಡ್ತೀಯ?

ಆ ಎಡಗೈ ಸ್ವಲ್ಪ ಮೇಲೆತ್ತು. ಮೆಲ್ಲಗೆ. ಕೈಯೂ ಮುಖವೂ ಮಾತ್ರ ಕೆತ್ತಿದ್ದು, ಒಳಗೆಲ್ಲ ಬರೀ ಮರದ ಪಟ್ಟಿ ಅಂತ ಮೊದಲ ಸಲ ಲಂಗ ಎತ್ತಿ ನೋಡಿದಾಗ ಅತ್ತುಬಿಟ್ಟಿದ್ದೆ ನೀನು. ಒಂಬತ್ತು ವರ್ಷ ನಿನಗೆ, ನನಗೆ ಹತ್ತು. ಅಮ್ಮನಿಗೆ ಹೊಟ್ಟೆಯೇ ಇಲ್ಲವಲ್ಲೋ ಡೆನ್ಸಿಯೊ ಅಂದೆ. ಅದಕ್ಕೇ ನಾವು ಉಡಿಸೋದು ಅಂತ ನನ್ನಜ್ಜಿ ಹೇಳಿದಳು. ಆ ಮಾತು ನೀನು ಮಾಡಿದ ಸಿನಿಮಾದಲ್ಲಿದೆ. ಅಜ್ಜಿ ಇದ್ದಾಳೆ. ಅಮ್ಮನ ಬಟ್ಟೆಯ ಈ ಪೆಟ್ಟಿಗೆ ಇದೆ. ಕಿಟಕಿ ಹೊರಗಿನ ಈ ನುಗ್ಗೆ ಮರ ಕೂಡ ಇದೆ ಮಾರಾಯ.

ಹೌದು, ನೋಡಿದೆ. ಅಚ್ಚರಿಯಾ? ಊರಲ್ಲಿ ಯಾರಿಗೂ ಹೇಳಲಿಲ್ಲ. ಹಲ್ಲು ತೋರಿಸಿಕೊಂಡು ಬರ್ತೀನಿ ಅಂತ ತಂಗಿಗೆ ಸುಳ್ಳು ಹೇಳಿ ಮನಿಲಾ ಬಸ್ಸು ಹತ್ತಿದೆ. ಆ ಸುಳ್ಳನ್ನೂ ಇವತ್ತು ಫಾದರ್‌ಗೆ ಹೇಳಿದ್ದೀನಿ. ಬಸ್ಸಲ್ಲಿ ಮೂರು ಗಂಟೆ ದಾರಿ, ಅಲ್ಲಿಂದ ಜೀಪ್ನಿ ಗಾಡಿ. ಆ ಚಿಕ್ಕ ಥಿಯೇಟರು, ಕುರ್ಚಿ ಕೀರ್ ಅನ್ನುತ್ತೆ, ಸುತ್ತ ಎಲ್ಲ ಕಾಲೇಜಿನ ಮಕ್ಕಳು. ಒಬ್ಬ ಹುಡುಗನ ಕೂದಲು ಹಸಿರು. ಜಪಮಾಲೆ ಹಿಡಿದು ಕೂತ ಈ ಬೋಳುತಲೆಯವನನ್ನು ನೋಡಿ, ಯಾರದೋ ಅಪ್ಪ ಮಗನನ್ನು ಎಳೆದುಕೊಂಡು ಹೋಗಲು ಬಂದಿದ್ದಾನೆ ಅಂದುಕೊಂಡಿರಬೇಕು. ಎರಡು ಕುರ್ಚಿ ಆಚೆ ಹೋಗಿ ಕೂತ.

ನಗಬೇಡ, ಸೂಜಿ ನುಂಗ್ತೀಯ.

ಒಂದು ಕೊಡು. ಭುಜಕ್ಕೆ.

ಚೆನ್ನಾಗಿದೆ ತಿರ್ಸೊ. ಸುಳ್ಳು ಹೇಳಲ್ಲ. ಹದಿನೆಂಟು ದಿನದಲ್ಲಿ, ಯಾರದೋ ಕ್ಯಾಮೆರಾ ಬೇಡಿ ತಂದು, ನಟರಿಗೆ ಬರೀ ಅನ್ನ ಮೀನು ಹಾಕಿ ಮಾಡಿದ್ದು ಅಂತ ಪತ್ರಿಕೆಯಲ್ಲಿ ಓದಿದ್ದೆ. ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಕೆರೆಯ ಮೇಲೆ ಬೆಳಗಾಗುತ್ತಲ್ಲ, ಮೀನಿನ ಬಲೆಯ ಗೂಟಗಳು ಒಂದೊಂದೇ ಕಾಣುತ್ತಾ ಬರುತ್ತವಲ್ಲ, ಅಲ್ಲಿ ನಾನು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡೆ. ಆ ಇಬ್ಬರು ಹುಡುಗರು ನೀರಿಗೆ ಇಳಿದು... ಅಲ್ಲಿ ಕಣ್ಣು ಮುಚ್ಚಿದೆ. ಬೆರಳ ಸಂದಿನಿಂದ ನೋಡಿದೆ. ಅದನ್ನೂ ಫಾದರ್‌ಗೆ ಹೇಳಿದೆ. ಚಿಕ್ಕ ವಯಸ್ಸಿನ ಪಾದ್ರಿ ಅವರು. ಸಿನಿಮಾ ಹೇಗಿತ್ತು ಅಂತ ಕೇಳಿದರು.

ಆದರೆ ಆ ಜೋವಿತ್ ಪಾತ್ರದವನು. ಎಲ್ಲಿ ಹಿಡಿದು ತಂದೆ ಅವನನ್ನು? ಭುಜ ನೋಡಿದರೆ ಬಾಗಿಲಿನಷ್ಟು ಅಗಲ. ನಿಜವಾದ ಜೋವಿತ್ ಹೀಗಿದ್ದನಾ? ಅತ್ತೆ ಮನೆಗೆ ಬೇಸಿಗೆ ಕಳೆಯಲು ಬಂದ ಕಡ್ಡಿ ಪೈಲ್ವಾನ. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಗಿಟಾರಿಗೆ ಮೂರು ತಂತಿ ಇಲ್ಲ. ಪವಿತ್ರ ವಾರದಲ್ಲಿ ಯೇಸುವಿನ ಪಾಡುಗಳನ್ನು ಊರವರು ಸರದಿಯ ಮೇಲೆ ಹಾಡುತ್ತಿದ್ದಾಗ ಇವನೂ ನಡುವೆ ಬಂದು ಕೂತ. ಒಪ್ಪುತ್ತೇನೆ, ಕಂಠ ಚೆನ್ನಾಗಿತ್ತು. ಅಷ್ಟೇ. ಬರೀ ಕಂಠ. ಎರಡು ಸಾಲು ಹಾಡಿದ್ದೇ ತಡ, ನೀನು ಕೈಯಲ್ಲಿದ್ದ ಸುಮಾನ್ ಕಡುಬಿನ ಎಲೆ ಬಿಚ್ಚುವುದನ್ನೇ ನಿಲ್ಲಿಸಿದೆ. ನಾನು ಪಕ್ಕದಲ್ಲೇ ಕೂತಿದ್ದೆ. ಆ ಕಡುಬು ಕಟ್ಟಿ ತಂದವನು ನಾನು.

ಅಸೂಯೆ? ನನಗಾ? ಹಾಗೆ ಹುಬ್ಬು ಎತ್ತಬೇಡ. ಅಸೂಯೆ ಮಹಾಪಾಪ, ನನಗೆ ಗೊತ್ತು. ಈಗ ಅವನು ಕವೀತೆ ಊರಲ್ಲಿ ನೀರೆತ್ತುವ ಪಂಪು ಮಾರ್ತಾನೆ, ಮೂರು ಮಕ್ಕಳು, ಹೆಂಡತಿ ದಪ್ಪಗಿದ್ದಾಳೆ. ಪ್ರತಿ ಕ್ರಿಸ್‌ಮಸ್‌ಗೆ ಮೊಬೈಲಿಗೆ ಮಿನುಗುವ ನಕ್ಷತ್ರ ಕಳಿಸ್ತಾನೆ. ನಾನು 'ದೇವರು ಒಳ್ಳೆಯದು ಮಾಡಲಿ' ಅಂತ ಕಳಿಸ್ತೀನಿ. ಇದರಲ್ಲಿ ಅಸೂಯೆ ಎಲ್ಲಿ ಬಂತು?

ನನ್ನ ಸಂಕಟ ಬೇರೆ. ಹೇಳಲಾ? ಹೇಳಿಯೇಬಿಡ್ತೀನಿ, ನಾಳೆ ಈಸ್ಟರ್ ಹಬ್ಬ, ಎದೆಯಲ್ಲಿಟ್ಟುಕೊಂಡು ಪ್ರಸಾದ ತೆಗೆದುಕೊಳ್ಳುವುದಕ್ಕೆ ಆಗಲ್ಲ.

ನಾನೆಲ್ಲಿ?

ಒಂದು ಗಂಟೆ ನಲವತ್ತು ನಿಮಿಷದ ಸಿನಿಮಾ. ಅಜ್ಜಿ ಇದ್ದಾಳೆ, ನಿನ್ನಪ್ಪ ಇದ್ದಾನೆ, ಜೋವಿತ್ ಇದ್ದಾನೆ, ಐಸ್ ಮಾರುವವನು ಇದ್ದಾನೆ, ಕುಂಟ ನಾಯಿ ಇದೆ. ಡೆನ್ಸಿಯೊ ಎಲ್ಲಿ? ನಿನ್ನ ಪಾತ್ರದ ಆ ಹುಡುಗ ಈ ಕೋಣೆಯಲ್ಲಿ ಒಬ್ಬನೇ ನಿಂತು ಅಮ್ಮನಿಗೆ ಉಡಿಸ್ತಾನೆ. ಒಬ್ಬನೇ! ಸೂಜಿ ತನ್ನ ಬಾಯಲ್ಲೇ ಇಟ್ಟುಕೊಂಡು ತಾನೇ ಚುಚ್ಚುತ್ತಾನೆ. ಈ ಊರಲ್ಲಿ ಯಾವನಾದರೂ ಹಾಗೆ ಮಾಡಿದ್ದುಂಟಾ? ಉಡಿಸುತ್ತಿದ್ದವನು ನಾನು, ಸೂಜಿ ಹಿಡಿಯುತ್ತಿದ್ದವನು ನೀನು. ಎಂಟು ವರ್ಷ. ಎಂಟು ಪವಿತ್ರ ವಾರ. ನಿನ್ನ ತುಟಿಯಿಂದ ತೆಗೆದ ಸೂಜಿ ಬೆಚ್ಚಗಿರುತ್ತಿತ್ತು. ಅದನ್ನು ಅಮ್ಮನ ರೇಷ್ಮೆಗೆ ಚುಚ್ಚುವ ಮೊದಲು ನಾನು ಒಂದು ಕ್ಷಣ... ಹೋಗಲಿ. ವಯಸ್ಸಾದವನ ಮಾತು.

ಇನ್ನೊಂದು ಕೊಡು. ಇದು ಸೊಂಟಕ್ಕೆ.

ಮತ್ತೆ ಆ ದೃಶ್ಯ. ಆ ಹುಡುಗ ಅಮ್ಮನ ಮುಂದೆ ನಿಂತು, ನಾಳೆ ಅಪ್ಪನಿಗೆ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡ್ತಾನಲ್ಲ. 'ಅಪ್ಪಾ, ನಾನು ಮದುವೆಯಾಗಲ್ಲ, ನನ್ನ ಮನಸ್ಸು ಹುಡುಗರ ಕಡೆಗೆ, ಹುಟ್ಟಿದಾಗಿಂದ ಹೀಗೇ. ನನ್ನನ್ನು ಹೊಡಿ, ಆದರೆ ಊಟಕ್ಕೆ ಮಾತ್ರ ಕರಿ.' ಥಿಯೇಟರಿನಲ್ಲಿ ಮಕ್ಕಳೆಲ್ಲ ಮೂಗು ಒರೆಸಿಕೊಂಡರು. ಹಸಿರು ಕೂದಲಿನವನಂತೂ ಬಿಕ್ಕಿದ. ನಾನೊಬ್ಬನೇ ಅಳಲಿಲ್ಲ. ನನಗೆ ಮೈ ಉರಿಯಿತು. ಯಾಕೆಂದರೆ ನೀನು ಅದನ್ನು ಅಮ್ಮನಿಗೆ ಹೇಳಲಿಲ್ಲ ತಿರ್ಸೊ. ನನಗೆ ಹೇಳಿದ್ದು. ಇದೇ ಕೋಣೆ, ಇದೇ ಶನಿವಾರ, ಇದೇ ಹೊತ್ತು. ಬಾಯಿಂದ ಸೂಜಿ ಒಂದೊಂದೇ ತೆಗೆದು ಅಂಗೈಯಲ್ಲಿಟ್ಟುಕೊಂಡು, ಮೊದಲು ನನಗೆ, ಇಡೀ ಲೋಕದಲ್ಲಿ ಮೊದಲು ನನಗೆ ಹೇಳಿದೆ. ನನ್ನ ಪಾಲಿಗೆ ಬಂದದ್ದು ಅದೊಂದೇ. ಅದನ್ನೂ ಕಿತ್ತು ಅಮ್ಮನಿಗೆ ಕೊಟ್ಟುಬಿಟ್ಟೆ. ಅವಳಿಗೆ ಏನು ಕಡಿಮೆ ಇತ್ತು?

ಕ್ಷಮಿಸು ತಾಯಿ. ಬಾಯಿತಪ್ಪಿ ಬಂತು.

ನನಗೆ ಹೇಳಿ ಆಮೇಲೆ ಏನಂದೆ? ಅದೂ ನೆನಪಿದೆ. ನಾಳೆ ಹಬ್ಬದ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳ್ತೀನಿ, ಸೋಮವಾರ ಜೋವಿತ್ ಜೊತೆ ಮನಿಲಾಗೆ ಹೋಗ್ತೀನಿ ಅಂದೆ. ಅವನು ನಿನಗೆ ಬರೆದ ಕಾಗದ ತೋರಿಸಿದೆ. ನಾಲ್ಕು ಸಾಲು, ಎರಡು ತಪ್ಪು. ಮನೆಯಲ್ಲಿಟ್ಟರೆ ತಮ್ಮಂದಿರ ಕೈಗೆ ಸಿಗುತ್ತೆ, ಅಮ್ಮನ ಪೆಟ್ಟಿಗೆಯಲ್ಲಿಟ್ಟಿರು ಡೆನ್ಸಿಯೊ, ನಾಳೆ ತಗೋತೀನಿ ಅಂದೆ. ನಾನು ಇಟ್ಟೆ. ಕಪ್ಪು ಲಂಗದ ಮಡಿಕೆಯಲ್ಲಿ.

ನಾನು ಏನು ಹೇಳಬೇಕಿತ್ತು ಆಗ? ಹೋಗಿ ಬಾ ಅಂದೆ. ದೇವರು ಜೊತೆಗಿರಲಿ ಅಂದೆ. ನೀನು ನನ್ನ ಕೆನ್ನೆ ಹಿಂಡಿ, ನೀನೊಬ್ಬ ಸಂತ ಕಣೋ ಅಂದೆ.

ಸಂತ.

ಆಮೇಲಿನದು ಊರಿಗೇ ಗೊತ್ತು. ಪೆಟ್ಟಿಗೆಗೆ ಬೀಗ ಇರಲಿಲ್ಲ, ಆಗಲೇ ಹೇಳಿದ್ದೆನಲ್ಲ ನಿನಗೆ, ಕಾಗದ ಬರೆದೂ ತಿಳಿಸಿದ್ದೆ. ಆ ಸಂಜೆ ಹೂವಿನವರು ಬಂದಿದ್ದರು, ಗುಡಿಸುವ ಹೆಂಗಸರು ಬಂದಿದ್ದರು, ಯಾರು ಕೈ ಹಾಕಿದರೋ. ಯಾರಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತೋ. ನಾನು ಒಂದೇ ಒಂದು ಸಲ ಹಿತ್ತಲಿಗೆ ಹೋಗಿದ್ದೆ, ಮಲ್ಲಿಗೆ ಕೊಯ್ಯಲು. ಅಷ್ಟೇ.

ನಿನ್ನ ಸಿನಿಮಾದಲ್ಲೂ ಯಾರು ಅಂತ ತೋರಿಸಿಲ್ಲವಂತಲ್ಲ. ಒಳ್ಳೆಯದೇ ಮಾಡಿದೆ. ಕೊನೆಗೆ ವೇದಿಕೆ ಮೇಲೆ ನಿನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳಿದರಲ್ಲ, ಒಬ್ಬಳು ಹುಡುಗಿ ಕೇಳಿದಳು, ಆ ಕಾಗದವನ್ನು ಹುಡುಗನ ಮನೆ ಬಾಗಿಲಿಗೆ ಚುಚ್ಚಿದ್ದು ಯಾರು ಅಂತ. ನೀನು ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದೆ. ಆಮೇಲೆ 'ಅದು ಆ ಹುಡುಗನ ಕಥೆ, ಅವನು ಹೇಳಲಿ' ಅಂದೆ. ಯಾವ ಹುಡುಗ ಅಂತ ಯಾರೂ ಕೇಳಲಿಲ್ಲ. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ, ನಿನಗೆ ಕಾಣದ ಹಾಗೆ. ಬಸ್ಸು ತಪ್ಪಿಹೋಗುತ್ತೆ ಅಂತ.

ಇಲ್ಲ, ಆ ಬಾಗಿಲಿನ ದೃಶ್ಯ ನಾನು ನೋಡಲಿಲ್ಲ. ತಲೆನೋವು ಬಂತು, ನೀರು ಕುಡಿಯಲು ಎದ್ದು ಹೋಗಿದ್ದೆ. ಯಾರೋ ಆಮೇಲೆ ಹೇಳಿದರು. ಬಾಗಿಲು, ಕಾಗದ, ಮೀನಿನ ಬುಟ್ಟಿ ಹೊತ್ತು ಬಂದು ನಿಂತ ಅಪ್ಪನ ಬೆನ್ನು. ಅಷ್ಟೇ ತೋರಿಸಿದ್ದೀಯಂತೆ. ಮುಖ ಇಲ್ಲವಂತೆ.

ಯಾಕೋ, ಕೈ ಸಡಿಲ ಮಾಡಿದೆ? ಅಂಚು ಜಾರ್ತಿದೆ. ಹಿಡ್ಕೋ.

ನಿನ್ನಪ್ಪನ ಮುಖ ನಾನು ನೋಡಿದ್ದೀನಿ. ಕೊನೆಯ ಎರಡು ವರ್ಷ ದಿನಾ ಗಂಜಿ ಒಯ್ದು ಕೊಟ್ಟವನು ನಾನೇ. ನಿನ್ನ ತಮ್ಮಂದಿರು ದುಬೈಗೆ ಹೋದರು, ಬೇರೆ ಯಾರಿದ್ದರು? ನೆರೆಮನೆಯವನು, ಅಷ್ಟು ಮಾಡಬೇಡವಾ? ಗಂಜಿಗೆ ಶುಂಠಿ ಜಾಸ್ತಿ ಹಾಕು ಅಂತ ಬಯ್ಯುತ್ತಿದ್ದ. ನೀನು ಅವನ ಮಣ್ಣಿಗೆ ಬಂದಾಗ ಇಗರ್ಜಿಯ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದೆ, ನಾನು ಮುಂದಿನ ಸಾಲಿನಲ್ಲಿ, ಮಗನ ಜಾಗದಲ್ಲಿ. ತಿರುಗಿ ನೋಡಲಿಲ್ಲ ನಾನು. ನೋಡಲು ಆಗಲಿಲ್ಲ.

ಹೊರಗೆ ಬ್ಯಾಂಡಿನವರು ಬಂದರು ಅಂತ ಕಾಣುತ್ತೆ. ಐದು ಗಂಟೆ ಬಸ್ಸಿಗೆ ಹೋಗ್ತೀನಿ ಅಂದೆಯಲ್ಲ, ಇನ್ನೂ ಸ್ವಲ್ಪ ಹೊತ್ತಿದೆ. ಇದ್ದುಬಿಡೋ. ಬೆಳಗಿನ ಜಾವ ಮಗ ಯೇಸು ಒಂದು ಬೀದಿಯಿಂದ, ತಾಯಿ ಇನ್ನೊಂದು ಬೀದಿಯಿಂದ ಬಂದು ಹೂವಿನ ಕಮಾನಿನ ಕೆಳಗೆ ಎದುರಾಗ್ತಾರೆ, ದೇವದೂತೆ ವೇಷದ ಮಗು ಮೇಲಿಂದ ಕೈಚಾಚಿ ಕಪ್ಪು ಮುಸುಕು ಎಳೀತಾಳೆ. ಇಪ್ಪತ್ತೆಂಟು ವರ್ಷದಿಂದ ನೀನು ನೋಡಿಲ್ಲ. ಸಿನಿಮಾದಲ್ಲಿ ತಪ್ಪು ತೋರಿಸಿದ್ದೀಯ. ಮುಸುಕು ಸಿಕ್ಕಿಹಾಕಿಕೊಂಡು ಬರುವುದೇ ಇಲ್ಲ, ಮಗು ಅಳುತ್ತೆ, ಊರಿಗೆ ಅಪಶಕುನ ಅಂತ ಮುದುಕಿಯರು ಎದೆ ಬಡಿದುಕೊಳ್ತಾರೆ...

ಸರಿ. ಸರಿ, ತಪ್ಪಲ್ಲ. ಆ ವರ್ಷ ಹಾಗೇ ಆಯಿತು. ನೀನು ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದೆ, ಒಬ್ಬನೇ, ಮೂಗಿನಲ್ಲಿ ರಕ್ತ. ಜೋವಿತ್‌ನನ್ನು ಅವನ ಅತ್ತೆ ಕೋಣೆಯಲ್ಲಿ ಕೂಡಿಹಾಕಿದ್ದಳು. ನಿನಗೆ ಯಾರು ಹೇಳಿದರು ಮುಸುಕಿನ ವಿಷಯ? ಊರವರು ಹೇಳಿರಬೇಕು. ಮುಸುಕಿಗೆ ಒಂದೇ ಸೂಜಿ, ಅದೂ ಸಡಿಲವಾಗಿ, ಮಗುವಿನ ಕೈಗೆ ಜಾರಬೇಕು. ಆ ದಿನ ಮುಸುಕು ನಾನೊಬ್ಬನೇ ಹಾಕಿದೆ. ನೀನು ಹೋದ ಮೇಲೆ ಸೂಜಿ ಹಿಡಿಯುವವರು ಯಾರೂ ಇರಲಿಲ್ಲ. ಅಭ್ಯಾಸದ ಮೇಲೆ ಎರಡು ಚುಚ್ಚಿಬಿಟ್ಟೆ, ಅಡ್ಡಡ್ಡ. ನನ್ನ ರೂಢಿ ಅಲ್ಲವಾ ಅದು, ರೇಷ್ಮೆ ಜಾರಬಾರದು ಅಂತ. ನೀನೇ ಹೆಸರಿಟ್ಟಿದ್ದೆ, 'ಡೆನ್ಸಿಯೊ ಶಿಲುಬೆ' ಅಂತ. ಈ ಊರಲ್ಲಿ ಬೇರೆ ಯಾರೂ ಹಾಗೆ ಚುಚ್ಚುವುದಿಲ್ಲ. ನಾನೇ ಪಲ್ಲಕ್ಕಿ ಹತ್ತಿ ಎಲ್ಲರ ಎದುರಿಗೆ ಮುಸುಕು ಹರಿದು ತೆಗೆದೆ. ಅಮ್ಮನ ಹಣೆಯಲ್ಲಿ ಗೀರು ಬಿತ್ತು. ನೋಡು, ಇಲ್ಲಿ. ಬಣ್ಣ ಹಚ್ಚಿದರೂ ಕಾಣುತ್ತೆ.

ಆಯಿತು. ಮುಸುಕು ಒಂದು ಉಳಿಯಿತು. ಸೂಜಿ ಕೊಡು.

ಕೊಡು, ಉಳಿದ ಎರಡರಲ್ಲಿ ಒಂದು.

ಯಾಕೆ ಬಾಯಿಂದ ತೆಗೀತಿದ್ದೀಯ? ಹಾಂ... ಮಾತಾಡಬೇಕಾ? ಮಾತಾಡು. ಮುಗಿಯಿತಲ್ಲ, ಕಟ್ಟಳೆ ಮುಗಿಯಿತು. ಈಗ ಹೇಳಬಹುದು. ನನ್ನನ್ನು ಯಾಕೆ ಬಿಟ್ಟೆ ಹೇಳು. ಒಂದೇ ಮಾತು ಹೇಳು. ಮರೆತುಹೋದೆ ಅನ್ನು, ನಂಬ್ತೀನಿ. ಹಣ ಸಾಲಲಿಲ್ಲ, ಇನ್ನೊಬ್ಬ ನಟ ಸಿಗಲಿಲ್ಲ ಅನ್ನು. ನನ್ನ ಪಾತ್ರಕ್ಕೆ ಹೆಚ್ಚು ಮಾತು ಬೇಕಿರಲಿಲ್ಲ, ಮೂಲೆಯಲ್ಲಿ ನಿಂತು ಜಪ ಹೇಳುವವನು. ಅವನು ಆ ಹುಡುಗನನ್ನು ನೋಡುತ್ತಿದ್ದ ಅಂತ ಒಮ್ಮೆ ತೋರಿಸಿದ್ದರೆ ಸಾಕಿತ್ತು. ಒಮ್ಮೆ.

ಅಂಗೈಯ ಸೂಜಿ ನೋಡ್ತೀಯ.

ಸಿಟ್ಟಾ? ಸಿಟ್ಟಿದ್ದರೆ ಬಯ್ಯಿ. ಬಾಯಿ ಖಾಲಿ ಇದೆಯಲ್ಲ ಈಗ.

...ಏನದು, ಜೇಬಿನಲ್ಲಿ? ಕಾಗದದ ಪೊಟ್ಟಣ. ಸಿನಿಮಾದ ಟಿಕೆಟ್ಟಾ?

ಓ.

ಎರಡಿವೆ.

ತುಕ್ಕು ಹಿಡಿದಿವೆ. ತಲೆ ಮಾತ್ರ ಇನ್ನೂ ಹಳದಿ. ಅಜ್ಜಿ ಮನಿಲಾದಿಂದ ತರಿಸುತ್ತಿದ್ದ ಹಿತ್ತಾಳೆ ತಲೆಯವು, ಬೇರೆಲ್ಲೂ ಸಿಗುತ್ತಿರಲಿಲ್ಲ... ಬಾಗಿಲಿನಿಂದ ಕಿತ್ತದ್ದಾ? ಆ ಸಂಜೆಯೇ? ಅಪ್ಪ ಹೊಡೆಯುತ್ತಿದ್ದಾಗಲೇ ಕಿತ್ತುಕೊಂಡು ಹೋದೆಯಾ?

ಅಡ್ಡಡ್ಡ ಇದ್ದವಾ?

ಇದ್ದವು. ನನಗೇ ಗೊತ್ತಿಲ್ಲವಾ.

ಹಾಗಾದರೆ ಬಸ್ಸು ಹತ್ತುವಾಗಲೇ ಗೊತ್ತಿತ್ತು ನಿನಗೆ. ನಾನು ಗುಡಿಸುವ ಹೆಂಗಸರ ಮೇಲೆ ಹಾಕಿ ಕಾಗದ ಬರೆದಾಗ ಗೊತ್ತಿತ್ತು. ಮಣ್ಣಿನ ದಿನ ಕಂಬಕ್ಕೆ ಒರಗಿ ನಿಂತಾಗ ಗೊತ್ತಿತ್ತು. ಆ ಹುಡುಗಿ ಮೈಕಿನಲ್ಲಿ ಕೇಳಿದಾಗ, ಕೊನೆಯ ಸಾಲಿನಲ್ಲಿ ಜಪಮಾಲೆ ಹಿಡಿದವನು ನಿನಗೆ ಕಂಡಿದ್ದ. ಅಲ್ಲವಾ?

ಇಲ್ಲ ಅನ್ನೋ. ದಯವಿಟ್ಟು ಇಲ್ಲ ಅನ್ನು.

...ನನ್ನನ್ನು ಈ ಕೋಣೆಯಲ್ಲಿ ನಿಲ್ಲಿಸಿದ್ದರೆ ಆ ಬಾಗಿಲಿಗೂ ಕರೆದುಕೊಂಡು ಹೋಗಬೇಕಾಗುತ್ತಿತ್ತು ನಿನಗೆ. ಅದಕ್ಕೇ ಬಿಟ್ಟೆ. ನಾನು ಇಲ್ಲಿ ನಿಂತು ಹೊಟ್ಟೆ ಉರಿದುಕೊಳ್ತಿದ್ದೀನಿ, ನಾನೆಲ್ಲಿ, ನಾನೆಲ್ಲಿ ಅಂತ.

ನೀರು ಕುಡಿಯಲು ಎದ್ದು ಹೋಗಲಿಲ್ಲ ತಿರ್ಸೊ. ಕೂತಿದ್ದೆ. ನೋಡಿದೆ.

ಫಾದರ್‌ಗೆ ಹೇಳಿಲ್ಲ. ಇಪ್ಪತ್ತೆಂಟು ಹಬ್ಬದ ಶನಿವಾರ ಸಣ್ಣಪುಟ್ಟ ಸುಳ್ಳು, ಸಿಟ್ಟು, ಉಪವಾಸದ ದಿನ ತಿಂದ ಮೊಟ್ಟೆ, ಎಲ್ಲ ಹೇಳಿದೆ. ಇದನ್ನು ಮಾತ್ರ ಹೇಳಲಿಲ್ಲ. ಹೇಳದೇ ಅಮ್ಮನನ್ನು ಮುಟ್ಟಿದೆ. ಅವಳು ಮುಟ್ಟಿಸಿಕೊಂಡಳು. ಒಂದು ಸಲವೂ ಬೀಳಲಿಲ್ಲ, ಸುಡಲಿಲ್ಲ, ಹಣೆಯ ಗೀರು ಇಟ್ಟುಕೊಂಡು ಸುಮ್ಮನೆ ನೋಡಿದಳು. ನಿನ್ನ ಹಾಗೇ.

ನಿನಗೆ ಸೇರಬೇಕಾದ್ದು ಇನ್ನೊಂದಿದೆ. ಅದನ್ನೂ ಬಚ್ಚಿಟ್ಟಿದ್ದೆ. ನಿನ್ನಪ್ಪ ಕೊನೆಯ ಬೇಸಿಗೆಯಲ್ಲಿ, ಗಂಜಿ ಬಟ್ಟಲು ಕೆಳಗಿಟ್ಟು, ಯಾರಿಗೋ ಹೇಳುವ ಹಾಗೆ ಅಂದ. 'ಅವನೇ ಬಂದು ಹೇಳಿದ್ದರೆ ಎರಡು ಬಾರಿಸುತ್ತಿದ್ದೆ. ಮಾರನೆಯ ದಿನ ಊಟಕ್ಕೆ ಕರೀತಿದ್ದೆ. ಬೀದಿ ಬಾಗಿಲಿಗೆ ಚುಚ್ಚಿದ್ದು ನೋಡಿ ನನಗೆ ತಲೆ ಕೆಟ್ಟಿತು, ಡೆನ್ಸಿಯೊ.' ನನ್ನ ಹೆಸರು ಹಿಡಿದು ಹೇಳಿದ. ನಾನು ಬಟ್ಟಲು ತೊಳೆಯಲು ಎದ್ದು ಹೋದೆ.

ಹೂಂ. ನಾನೇ. ಮಲ್ಲಿಗೆ ಕೊಯ್ಯಲು ಅಂತ ಹೋಗಿ ಚುಚ್ಚಿ ಬಂದೆ. ನಿನ್ನನ್ನು ಊರಲ್ಲೇ ಉಳಿಸಿಕೊಳ್ಳಲು ಅಂದುಕೊಂಡೆ. ಅಪ್ಪ ಕೂಡಿಹಾಕ್ತಾನೆ, ಜೋವಿತ್ ಒಬ್ಬನೇ ಹೋಗ್ತಾನೆ, ಮುಂದಿನ ವರ್ಷ ಮತ್ತೆ ನೀನು ಇಲ್ಲಿ ನಿಂತು ಸೂಜಿ ಹಿಡೀತೀಯ ಅಂತ.

ಬಸ್ಸಿನ ಹಾರ್ನು, ತಿರ್ಸೊ. ಐದಾಯಿತು.

ಹೋಗು. ಬೈಕೋಬೇಡ... ಬೈಕೋ. ಹೋಗು.

...ಅಂಚು ಬಿಟ್ಟೇ ಇಲ್ಲವಲ್ಲೋ ನೀನು ಇನ್ನೂ.

ಸರಿ. ಆ ಹಳೆಯವು ಅಲ್ಲಿರಲಿ, ಅಮ್ಮನ ಕಾಲ ಬಳಿ. ಬಾಯಿಂದ ತೆಗೆದದ್ದರಲ್ಲಿ ಕೊಡು.

ಎರಡಲ್ಲ. ಒಂದೇ.